ಸೀಟಿನ ಮೇಲೆ ಜಾರಿದ ಬ್ಯಾಗು

ಶಿವಪುತ್ರಪ್ಪನ ಮನೆಯಲ್ಲಿ ಲ್ಯಾಪ್‌ಟಾಪಿಗೆ ಇದ್ದ ಮರ್ಯಾದೆ ಅಳಿಯನಿಗೂ ಇರಲಿಲ್ಲ. ಅದು ಮೇಜಿನ ಮೇಲೆ ತೆರೆದಿದ್ದರೆ ಚಹಾದ ಕಪ್ಪು ಆ ಕೋಣೆಯ ಹೊಸ್ತಿಲು ದಾಟಕೂಡದು. ಹಾಸಿಗೆಯ ಮೇಲಾಗಲಿ ಕೌದಿಯ ಮೇಲಾಗಲಿ ಇಡಕೂಡದು, ಗಾಳಿಕಿಂಡಿ ಮುಚ್ಚಿ ಬಿಸಿಯಾಗುತ್ತದೆ. ಪರದೆ ಹಿಡಿದು ಎತ್ತಕೂಡದು. ಇದೆಲ್ಲ ಮಗಳು ಮಾಧುರಿ ಫೋನಿನಲ್ಲಿ ಒಮ್ಮೆ ಹೇಳಿದ್ದು. ಅವನು ದಿನಾ ಅದನ್ನು ಮೆತ್ತನೆಯ ಬಟ್ಟೆಯಿಂದ ಒರೆಸಿ, ಒಳಗೆ ದಪ್ಪ ಸ್ಪಂಜಿದ್ದ ಕರಿ ಬ್ಯಾಗಿನಲ್ಲಿ ಕೂಸಿನ ಹಾಗೆ ಮಲಗಿಸುತ್ತಿದ್ದ.

“ನನ್ನ ಮೊಣಕಾಲಿಗೆ ಎಣ್ಣಿ ತಿಕ್ರಿ ಅಂದ್ರ ಕೈ ನೋಯ್ತಾವ. ಇದನ್ನ ಮಾತ್ರ ತಪ್ಪದ ಒರಸ್ತೀರಿ,” ಎಂದು ಹೆಂಡತಿ ಕಲ್ಲವ್ವ ಅಂದರೆ ಕೇಳಿಸದವನಂತೆ ಇರುತ್ತಿದ್ದ.

ಅವನ ಭಯಕ್ಕೂ ಕಾರಣವಿತ್ತು. ಕ್ಯಾಂಪ್ ಪೇಟೆಯಲ್ಲಿ ಕಾಂತಪ್ಪ ಸಾವಕಾರರ ಶಾಲಾ ಸಮವಸ್ತ್ರದ ಅಂಗಡಿಗೆ ಅವನು ಹಳೆಯ ಗುಮಾಸ್ತ. ಈ ವರ್ಷ ಒಂದು ದೊಡ್ಡ ಶಾಲೆಯ ಮಕ್ಕಳ ಅಳತೆಯನ್ನೆಲ್ಲ ಕಾಗದದ ಬದಲು ಲ್ಯಾಪ್‌ಟಾಪಿನಲ್ಲೇ ಹಾಕೋಣವೆಂದು ಹಟ ಹಿಡಿದವನು ಅವನೇ. ಸಾವಕಾರರಿಗೆ ಮನಸ್ಸಿರಲಿಲ್ಲ. “ನಾ ಕಾಯ್ತೀನ್ರಿ. ಕೆಟ್ಟ ದಿನ ನಾನಾ ಕೆಲಸ ಬಿಟ್ಟು ಹೋಗ್ತೀನಿ,” ಎಂದು ಮಾತು ಕೊಟ್ಟು ಒಪ್ಪಿಸಿದ್ದ. ರಜೆಗೆ ಮುಂಚೆ ಟೇಪು ಹಿಡಿದು, ಒಂದು ಕ್ಷಣ ನೆಟ್ಟಗೆ ನಿಲ್ಲದ ಮಕ್ಕಳ ಹಿಂದೆ ಬಿದ್ದು, ಭುಜ, ಸೊಂಟ, ಉದ್ದ ಎಲ್ಲ ಅಳೆದು ತುಂಬಿಸಿದ್ದ. ಈಗ ಶಾಲೆ ಮುಚ್ಚಿ ಮಕ್ಕಳೆಲ್ಲ ದಿಕ್ಕಾಪಾಲಾಗಿದ್ದಾರೆ. ಆ ಅಳತೆ ಲ್ಯಾಪ್‌ಟಾಪ್ ಬಿಟ್ಟರೆ ಬೇರೆಲ್ಲೂ ಇಲ್ಲ. ಇನ್ನೊಂದು ಪ್ರತಿ ತೆಗೆದಿಡು ಎಂದೂ ಮಾಧುರಿ ಹೇಳಿದ್ದಳು, ಅದೊಂದು ಮಾತ್ರ ಅಪ್ಪನ ಕಿವಿಗೆ ಬಿದ್ದಿರಲಿಲ್ಲ.

ಬಸವ ಜಯಂತಿಯ ದಿನ ಅಂಗಡಿಗೆ ರಜೆ. ಕಾತ್ರಜದ ಮನೆಯಲ್ಲಿ ಶಿವಪುತ್ರಪ್ಪ ಸ್ನಾನ ಮುಗಿಸಿ, ವಿಭೂತಿ ಹಚ್ಚಿಕೊಂಡು ಹೊರಗೆ ಬರುವಷ್ಟರಲ್ಲಿ ಸಾವಕಾರರ ಫೋನು ಬಂತು. ಬಟ್ಟೆ ಕತ್ತರಿಸುವ ಮಾಸ್ತರ ಸಂಜೆ ಊರಿಗೆ ಹೊರಟಿದ್ದಾನಂತೆ, ಅಳತೆ ಈಗಲೇ ಬೇಕಂತೆ. ಕಲ್ಲವ್ವ ಮನೆಯಲ್ಲಿರಲಿಲ್ಲ. ಓಣಿಯವರೆಲ್ಲ ಸೇರಿ ಮಾಡುವ ಹಬ್ಬದ ಊಟಕ್ಕೆ ಬದನೆಕಾಯಿ ಪಲ್ಯದ ಪಾತ್ರೆ ಮುಟ್ಟಿಸಿ ಬರಲು ಹೋಗಿದ್ದಳು. ಅವನು ಅವಸರದಲ್ಲಿ ಬ್ಯಾಗು ಹೆಗಲಿಗೇರಿಸಿ, ಬೀಗ ಹಾಕಿ, ಬಸ್ಸು ಹಿಡಿದ.

ಬಸ್ಸಿನಲ್ಲಿ ಬ್ಯಾಗು ತೊಡೆಯ ಮೇಲಿತ್ತು, ಎರಡೂ ಕೈ ಬ್ಯಾಗಿನ ಮೇಲಿದ್ದವು. ಸ್ವಾರಗೇಟ್ ನಿಲ್ದಾಣದಲ್ಲಿ ಒಬ್ಬ ಅಜ್ಜಿ ಹತ್ತಿದಳು. ತುಂಬು ಮೈಯ ಹೆಂಗಸು, ನಿಲ್ಲಲಾರದೆ ಏದುಸಿರು ಬಿಡುತ್ತಿದ್ದಳು. ಹಬ್ಬದ ದಿನ ಒಂದು ಪುಣ್ಯ ಇರಲಿ ಎಂದು ಶಿವಪುತ್ರಪ್ಪ ಎದ್ದ. ಎದ್ದದ್ದೇ ತಡ, ಹಿಂದಿನಿಂದ ಜನ ನುಗ್ಗಿದರು, ಹೆಗಲಿಗೇರಿಸುತ್ತಿದ್ದ ಬ್ಯಾಗು ಜಾರಿ ಸೀಟಿನ ಮೇಲೆ ಬಿತ್ತು. ಅಜ್ಜಿ ಅದರ ಮೇಲೆಯೇ ಕೂತಳು. ಕರಕರ ಎಂದು ಸದ್ದಾಯಿತು.

“ಕಾಹೀ ಫುಟಲಂ ಕಾ ಹೋ?” ಏನಾದರೂ ಒಡೆಯಿತೇ ಎಂದು ಮರಾಠಿಯಲ್ಲಿ ಕೇಳುತ್ತಾ ಅವಳು ಗಾಬರಿಯಿಂದ ಎದ್ದಳು.

ಶಿವಪುತ್ರಪ್ಪ ಇಲ್ಲವೆಂದು ತಲೆಯಾಡಿಸಿ ಬ್ಯಾಗನ್ನು ಎದೆಗೆ ಒತ್ತಿಕೊಂಡ. ಒತ್ತಿಕೊಂಡಾಗ ಒಳಗೆ ಇನ್ನೊಂದಿಷ್ಟು ಮುರಿಯಿತು. ಜಿಪ್ಪು ಎಳೆದು ನೋಡುವ ಧೈರ್ಯ ಬರಲಿಲ್ಲ. ಇಳಿದು ಅಂಗಡಿಯ ಕಡೆಗೆ ನಡೆಯುವಾಗ ಕಿಸೆಯಲ್ಲಿ ಫೋನು ಹೊಡೆದುಕೊಳ್ಳುತ್ತಲೇ ಇತ್ತು. ಕಲ್ಲವ್ವ. ಈಗ ಯಾರ ಜೊತೆಗೂ ಮಾತಾಡುವ ತ್ರಾಣ ಅವನಲ್ಲಿರಲಿಲ್ಲ. ಇಷ್ಟು ವರ್ಷ ಗಳಿಸಿದ ಹೆಸರು ಒಂದೇ ನೂಕಿಗೆ ಮಣ್ಣುಪಾಲಾಯಿತಲ್ಲ ಎಂದುಕೊಂಡ.

ಅರ್ಧ ಶಟರು ಎತ್ತಿದ ಅಂಗಡಿಯಲ್ಲಿ ಕಾಂತಪ್ಪ ಒಬ್ಬರೇ ಕೂತಿದ್ದರು. ಬ್ಯಾಗನ್ನು ಅವರ ಮುಂದಿಟ್ಟು, ಕೈಕಟ್ಟಿ ನಿಂತು, ಶಿವಪುತ್ರಪ್ಪ ಒಂದನ್ನೂ ಮುಚ್ಚಿಡದೆ ಹೇಳಿದ. “ಅಜ್ಜಿದೇನೂ ತಪ್ಪಿಲ್ರಿ. ಬ್ಯಾಗ್ ಬಿಟ್ಟಾಂವ ನಾನಾ. ಕೊಟ್ಟ ಮಾತಿನ್ಹಂಗ ನಾಳಿಂದ ನಾ ಬರೂದಿಲ್ರಿ.”

ಸಾವಕಾರರು ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಕನ್ನಡಕ ತೆಗೆದು, “ಆ ಹುಡುಗೂರನ್ನೆಲ್ಲ ಈಗ ಎಲ್ಲೆಂತ ಹುಡಕೂದು, ಶಿವಪುತ್ರಪ್ಪ?” ಎಂದು ಮೆಲ್ಲಗೆ ಕೇಳಿದರು. ಅವನ ಕಣ್ಣು ತುಂಬಿತು. ಅವರೇ ಬ್ಯಾಗನ್ನು ಹತ್ತಿರಕ್ಕೆಳೆದು ಜಿಪ್ಪು ಬಿಚ್ಚಿ ಕೈಹಾಕಿದರು. ಕೈ ಹೊರಗೆ ಬಂದಾಗ ಅದರಲ್ಲಿ ಎಳ್ಳು ಹಚ್ಚಿದ ಕಡಕ್ ರೊಟ್ಟಿಯ ಚೂರಿತ್ತು.

ಇಬ್ಬರೂ ಅದನ್ನೇ ನೋಡಿದರು. ಕಾಂತಪ್ಪ ಮತ್ತೆ ಕೈಹಾಕಿದರು. ಮತ್ತೆ ಚೂರು. ತಳದಲ್ಲಿ ಗಟ್ಟಿಯಾಗಿ ಕಟ್ಟಿದ, ಲ್ಯಾಪ್‌ಟಾಪಿನಷ್ಟೇ ಭಾರದ ಶೇಂಗಾ ಚಟ್ನಿಯ ಪೊಟ್ಟಣ. ಲ್ಯಾಪ್‌ಟಾಪು ಇರಲೇ ಇಲ್ಲ. ಹಾಗಾದರೆ ಅದೆಲ್ಲಿ ಎಂದು ಶಿವಪುತ್ರಪ್ಪ ಬ್ಯಾಗಿನೊಳಗೆ ಇಣುಕುತ್ತಿದ್ದಾಗ ಫೋನು ಇನ್ನೊಮ್ಮೆ ಬಂತು. ಈ ಸಲ ಅವನು ಎತ್ತಿದ.

“ಏನ್ರೀ, ರೊಟ್ಟಿ ಹೊತ್ಕೊಂಡು ಎತ್ಲಾಗ್ ಹೋಗೀರಿ? ಇಲ್ಲಿ ಮಂದಿ ಊಟಕ್ಕ ಕೂಡ್ತಾರ.”

“ಲ್ಯಾಪ್‌ಟಾಪ್ ಎಲ್ಲಿ ಅದ?”

“ಕಪಾಟಿನಾಗ ಅದ. ನನ್ನ ಇಳಕಲ್ ಸೀರಿ ನಡುವ ಇಟ್ಟು ಕೀಲಿ ಹಾಕೀನಿ. ಕೀಲಿ ನನ್ನ ಸೊಂಟದಾಗ ಅದ.”

ಶಿವಪುತ್ರಪ್ಪ ಬಟ್ಟೆಯ ಗಂಟಿನ ಮೇಲೆ ಹಾಗೇ ಕೂತುಬಿಟ್ಟ. ಹೋದ ಜೀವ ಬಂದಂತಾಗಿ, ಅಳುವೋ ನಗುವೋ ತಿಳಿಯದ ಒಂದು ಸದ್ದು ಗಂಟಲಿನಿಂದ ಹೊರಟಿತು. “ಸೀರ್ಯಾಗ ಅದ ಅಂತ್ರಿ, ಕೀಲಿ ಹಾಕ್ಯಾಳಂತ,” ಎಂದು ಸಾವಕಾರರಿಗೆ ಹೇಳಿದ. ಅವರು ದೊಡ್ಡ ಉಸಿರು ಬಿಟ್ಟು, ಪೊಟ್ಟಣ ಬಿಚ್ಚಿ, ಒಂದು ಚೂರನ್ನು ಚಟ್ನಿಗೆ ಒತ್ತಿ ಬಾಯಿಗಿಟ್ಟರು. “ಮದ್ಲ ಮನಿಗ್ಹೋಗಿ ಅದರದೊಂದು ಕಾಪಿ ತಗಿ,” ಎಂದರು, ಬಾಯಿ ತುಂಬಿಕೊಂಡೇ.

ಅತ್ತ ಕಲ್ಲವ್ವನ ಮಾತು ನಿಂತಿರಲಿಲ್ಲ. “ಪ್ರತಿ ವರ್ಷಾ ಒಯ್ಯೂದ್ರಾಗ ರೊಟ್ಟಿ ಮುರೀತಾವ. ಆ ಬ್ಯಾಗಿನಾಗ ಏನಿಟ್ರೂ ಒಡ್ಯೂದಿಲ್ಲ ಅಂತ ನೀವಾ ಅಂತಿದ್ರಿ, ಅದಕ್ಕ ಹಾಕಿದ್ದೆ. ಒಂದೂ ಒಡದಿಲ್ಲಲಾ?”

“ಎಲ್ಲಾ ಒಡದಾವ, ಕಲ್ಲವ್ವಾ,” ಎಂದ ಶಿವಪುತ್ರಪ್ಪ, ಕಣ್ಣೊರೆಸಿಕೊಳ್ಳುತ್ತಾ. “ಒಂದೂ ಉಳದಿಲ್ಲ. ಪುಡಿ ಪುಡಿ ಆಗ್ಯಾವ.” ಮದುವೆಯಾದಾಗಿನಿಂದ ಹೆಂಡತಿಗೆ ಇಷ್ಟು ಖುಷಿಯಾಗಿ ಅವನು ಯಾವ ಸುದ್ದಿಯನ್ನೂ ಹೇಳಿರಲಿಲ್ಲ.