ಪುಣೆಯ ಬನ್ನಿ

ಮೊದಲು ಬೆನ್ನ ಹಿಂದಿನ ಕ್ಯಾಲೆಂಡರನ್ನು ತಿರುಗಿಸಿ ಹಾಕಬೇಕಿತ್ತು. ಅದರಲ್ಲಿ ಯಾವುದೋ ಅಕ್ಕಿ ಗಿರಣಿಯ ಹೆಸರು, ಕೆಳಗೆ ಅಂಗೈಯಗಲದ ಅಕ್ಷರಗಳಲ್ಲಿ ಭದ್ರಾವತಿ. ಪುಣೆಯ ಗೋಡೆಗೆ ಒಪ್ಪುವಂಥದಲ್ಲ.

"ಯಾಕ್ ಸಾರ್?" ಎಂದ ಸೈಬರ್ ಸೆಂಟರಿನ ಪರಮೇಶ್.

"ಏನಿಲ್ಲ. ಬೆಳಕು ಹೊಡೀತಿದೆ."

ಕ್ಯಾಲೆಂಡರಿಗೂ ಬೆಳಕಿಗೂ ಏನು ಸಂಬಂಧವೆಂದು ಪರಮೇಶ್ ಕೇಳಲಿಲ್ಲ. ವಿಜಯಕುಮಾರನಿಗೆ ಈ ಜಾಗ ಹಿಡಿಸಿದ್ದು ಅದಕ್ಕೇ.

ಅವನು ಕೆಲಸಕ್ಕಿದ್ದ ಭದ್ರಾವತಿಯ ಕಾಲೇಜಿನವರು ಅವನನ್ನು ತರಬೇತಿಗೆಂದು ಪುಣೆಗೆ ಕಳಿಸಿದ್ದು ನಿಜ. ದೀಪಾವಳಿಯವರೆಗೆ ಬರುವುದಿಲ್ಲವೆಂದು ಮನೆಯವರಿಗೆ ಹೇಳಿದ್ದೂ ನಿಜ. ಆದರೆ ತರಬೇತಿ ನವರಾತ್ರಿಗೆ ಮೊದಲೇ ಮುಗಿದು, ಅವನು ಭದ್ರಾವತಿಯ ತನ್ನ ಬಾಡಿಗೆ ಕೋಣೆಗೆ ಬಂದು ಹದಿನೈದು ದಿನವಾಗಿತ್ತು. ಮೊದಲ ದಿನ ಸುಸ್ತೆಂದು ಫೋನ್ ಮಾಡಲಿಲ್ಲ. ಎರಡನೆಯ ದಿನ, ನಿನ್ನೆಯೇ ಯಾಕೆ ಮಾಡಲಿಲ್ಲ ಎಂದು ಕೇಳಿಯಾರೆಂದು ಮಾಡಲಿಲ್ಲ. ಆಮೇಲೆ ಮಾಡದಿರುವುದೇ ಹಾಯೆನಿಸಿತು. ಮನೆಯವರಿದ್ದ ಶಿವಮೊಗ್ಗ ಬಸ್ಸಿನಲ್ಲಿ ಮುಕ್ಕಾಲು ಗಂಟೆಯ ದಾರಿ.

ಅವರು ಕೆಟ್ಟವರಾಗಿದ್ದರೆ ಎಷ್ಟು ಸುಲಭವಿತ್ತು! ಅಪ್ಪ ಅಮ್ಮ ಇಬ್ಬರೂ ಹೋದಾಗ ಅವನಿಗೆ ಆರು ವರ್ಷ. ದೊಡ್ಡಮ್ಮ ವೀರಮ್ಮ ಇದೇ ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ ತನ್ನ ಮಗ ಷಣ್ಮುಖಪ್ಪನ ತಟ್ಟೆಯ ಪಕ್ಕ ಇನ್ನೊಂದು ತಟ್ಟೆ ಇಟ್ಟಳು. ತುಪ್ಪ ಹೆಚ್ಚು ಬಿದ್ದದ್ದು ಆ ತಟ್ಟೆಗೇ. ಒಂದು ದಿನವೂ ಆಡಿ ತೋರಿಸಲಿಲ್ಲ. ಆಡಿದ್ದರೆ ಒಮ್ಮೆ ಜಗಳವಾಡಿಯಾದರೂ ಹಗುರಾಗಬಹುದಿತ್ತು. ಅವರೆದುರು ಕೂತರೆ ಅವನ ಎದೆ ತುಂಬಿ ಬರುತ್ತಿತ್ತು, ತುಂಬಿದ ಎದೆಯಲ್ಲಿ ಉಸಿರಿಗೆ ಜಾಗ ಸಿಗುತ್ತಿರಲಿಲ್ಲ. ದೂರವಿದ್ದರೆ ನೆಮ್ಮದಿಯಾಗಿ ಪ್ರೀತಿಸಬಲ್ಲ.

ವಿಜಯದಶಮಿಗೆ ಕಂಪ್ಯೂಟರಿನಲ್ಲೇ ಸೇರೋಣ ಎಂದು ಈಮೇಲ್ ಬರೆದವಳು ಷಣ್ಮುಖಪ್ಪನ ಮಗಳು ಅಕ್ಷರಾ. ಪುಣ್ಯಾತ್ಗಿತ್ತಿ.

ಹಿಂದಿನ ದಿನದ ಆಯುಧಪೂಜೆಯ ವಿಭೂತಿ ಮಾನಿಟರಿನ ಮೇಲೆ ಹಾಗೇ ಇತ್ತು. ಆ ಮೂರು ಪಟ್ಟೆಗಳ ಹಿಂದೆ ಮನೆ ಮಂದಿ ಮೂಡಿದರು. ಕುರ್ಚಿಯಲ್ಲಿ ದೊಡ್ಡಮ್ಮ, ಹಿಂದೆ ಷಣ್ಮುಖಪ್ಪ, ಪಕ್ಕದಲ್ಲಿ ಅಕ್ಷರಾ, ಅಂಚಿನಲ್ಲಿ ಹಬ್ಬಕ್ಕೆ ಬಂದ ನೆಂಟರ ಅರ್ಧರ್ಧ ಮುಖಗಳು.

"ಚಿಕ್ಕಪ್ಪಾ, ಕಾಣ್ತಿದೀವಾ?"

"ಕಾಣ್ತಿದೀರಿ, ಎಲ್ರೂ ಕಾಣ್ತಿದೀರಿ."

"ಇಳಿದು ಹೋಗಿದೀಯಲ್ಲೋ," ಎಂದಳು ದೊಡ್ಡಮ್ಮ. "ಹೋಳಿಗೆ ಮಾಡಿದ್ವಿ. ನಿನ್ ಪಾಲಿಂದು ಎತ್ತಿಟ್ಟೀನಿ."

"ದೀಪಾವಳಿ ತನಕ ಇರತ್ತಾ ದೊಡ್ಡಮ್ಮಾ?"

"ಇರಲ್ಲ. ಆದ್ರೂ ಎತ್ತಿಟ್ಟೀನಿ."

ಎಲ್ಲರೂ ನಕ್ಕರು. ಅವನೂ ನಕ್ಕ, ಮನಸಾರೆ. ಗೇಣಗಲದ ಮನೆ, ಬೇಕಾದಷ್ಟೇ ಸದ್ದು. ಎಷ್ಟೋ ವರ್ಷದ ಮೇಲೆ ಹಬ್ಬ ಹಬ್ಬದಂತಿತ್ತು.

ಆಗ ಸೈರನ್ ಕೂಗಿತು.

ಕಾರ್ಖಾನೆಯ ಐದು ಗಂಟೆಯ ಸೈರನ್. ಕ್ಯಾಲೆಂಡರ್ ತಿರುಗಿಸಿದ ಜಾಣನಿಗೆ ಅದು ನೆನಪೇ ಆಗಿರಲಿಲ್ಲ. ಮೈಕನ್ನು ಮುಷ್ಟಿಯಲ್ಲಿ ಮುಚ್ಚಿದ, ತಡವಾಗಿ.

ಪರದೆಯಲ್ಲಿ ದೊಡ್ಡಮ್ಮ ಎದ್ದು ನಿಂತಿದ್ದಳು. ಮೂವತ್ತು ವರ್ಷ ಆ ಕೂಗಿಗೆ ಎದ್ದು ದೊಡ್ಡಪ್ಪನ ಟೀಗೆ ನೀರಿಟ್ಟವಳು. ದೊಡ್ಡಪ್ಪ ತೀರಿಕೊಂಡು, ಮಗನ ಜೊತೆ ಶಿವಮೊಗ್ಗ ಸೇರಿ ಎಂಟು ವರ್ಷವಾದರೂ ಕಾಲು ಮರೆತಿರಲಿಲ್ಲ. ಸೆರಗು ಸಿಕ್ಕಿಸಿಕೊಂಡು ಒಳಗೆ ಹೊರಟವಳು ನಿಂತಳು. ತಿರುಗಿ ಕ್ಯಾಮೆರಾವನ್ನೇ ನೋಡಿದಳು. ಷಣ್ಮುಖಪ್ಪ ನೆಲ ನೋಡಿದ.

"ಅದೇನ್ ಸದ್ದು ಚಿಕ್ಕಪ್ಪಾ?"

"ನೀನ್ ಸುಮ್ನಿರೇ," ಎಂದ ಷಣ್ಮುಖಪ್ಪ. ಗಂಟಲು ಸರಿಮಾಡಿಕೊಂಡ. "ಪುಣೇಲಿ ಚಳಿ ಶುರುವಾಯ್ತೇನೋ ಮಾರಾಯ?"

"ಹ್ಞೂಂ. ಸ್ವಲ್ಪ."

"ಸ್ವೆಟರ್ ಹಾಕ್ಕೋ," ಎಂದು ದೊಡ್ಡಮ್ಮ ಕೂತಳು. ಅಷ್ಟೇ.

ಅವನಿಗೆ ಅಳು ಬಂತು. ಕಳ್ಳನನ್ನು ಹಿಡಿದೂ ಹಿಡಿಯದಂತೆ ಬಿಟ್ಟರು. ತುಪ್ಪ ಬಡಿಸಿದಂತೆಯೇ ಇದನ್ನೂ ಬಡಿಸಿದರು. ಇಂಥವರು ಯಾರಿಗೆ ಸಿಗುತ್ತಾರೆ ಎಂದು ಒಳಗೊಳಗೇ ಕೈಮುಗಿದ. ಇಲ್ಲೇ ಇದ್ದೀನಿ, ಈಗಲೇ ಬರ್ತೀನಿ ಎನ್ನಲು ಬಾಯಿ ತೆರೆದ.

"ಎಲ್ರದೂ ಊಟ ಆಯ್ತಾ?" ಎಂದು ಕೇಳಿದ.

"ಆಯ್ತಪ್ಪ." ದೊಡ್ಡಮ್ಮ ಬನ್ನಿ ಎಲೆಗಳನ್ನು ಕ್ಯಾಮೆರಾಕ್ಕೇ ಒತ್ತಿ ಹಿಡಿದಳು. "ಬಂಗಾರ ತಗೋ, ಬಂಗಾರದಂಗಿರು."

ಪರದೆಯೆಲ್ಲ ಹಸಿರಾಯಿತು. ಅವನು ಕೈ ಚಾಚಿ ಗಾಜು ಮುಟ್ಟಿ ಕಣ್ಣಿಗೊತ್ತಿಕೊಂಡ.

"ಈಗ ನೀನ್ ಕೊಡೋ. ತಗೊಂಡು ಸುಮ್ನೆ ಕೂರ್ಬಾರ್ದು."

ಅವನ ಹತ್ತಿರ ಬನ್ನಿ ಎಲ್ಲಿತ್ತು? ಕಂಪ್ಯೂಟರಿಗೆ ಕಟ್ಟಿದ್ದ ಪೂಜೆಯ ತೋರಣದಿಂದ ಬಾಡಿದ ಮಾವಿನೆಲೆಯೊಂದನ್ನು ಕಿತ್ತ.

"ಪುಣೆ ಬನ್ನಿ ಹೀಗೇ ದೊಡ್ಡಮ್ಮಾ."

ದೊಡ್ಡಮ್ಮ ನಗಲಿಲ್ಲ. "ಯಾವ್ದಾದ್ರೂ ಆಗ್ಲಿ, ಕೊಡು," ಎಂದು ಎದ್ದು, ಎರಡೂ ಕೈಯಲ್ಲಿ ಸೆರಗೊಡ್ಡಿ ನಿಂತಳು.

ಚಿತ್ರ ಅಲ್ಲೇ ನಿಂತುಬಿಟ್ಟಿತು.

"ಲೈನ್ ಹೋಯ್ತು ಸಾರ್," ಎಂದ ಪರಮೇಶ್. "ಇನ್ನಿವತ್ತು ಬರೋದು ಡೌಟು. ಆಫ್ ಮಾಡ್ಲಾ?"

"ಬೇಡ. ಇರ್ಲಿ."

ಎದುರಿನ ರಸ್ತೆಯಲ್ಲಿ ಬಸ್ಸೊಂದು ಗುರುಗುಟ್ಟುತ್ತಿತ್ತು. "ಶಿವಮೊಗ್ಗ, ಶಿವಮೊಗ್ಗ, ಸೀಟ್ ಐತೆ, ಶಿವಮೊಗ್ಗ!" ಎಂದು ಕಂಡಕ್ಟರ್ ಕೂಗುತ್ತಲೇ ಇದ್ದ. ವಿಭೂತಿಯ ಪಟ್ಟೆಗಳ ಹಿಂದೆ ಒಡ್ಡಿದ ಸೆರಗು ಒಡ್ಡಿದಂತೆಯೇ ಇತ್ತು, ಖಾಲಿ. ವಿಜಯಕುಮಾರ ಬಾಡಿದ ಎಲೆಯನ್ನು ಅದರ ಮುಂದೆ ಹಿಡಿದೇ ಕೂತಿದ್ದ.