ಬಿಂದುಶ್ರೀಯ ಸಕ್ಕರೆ ಬಾಟಲಿ

ರೇಣುಕಾ ಫೋನಿನಲ್ಲಿ ಗಂಡನಿಗೆ ಹೇಳಹೊರಟಿದ್ದು ಸಂಭ್ರಮದ ಸುದ್ದಿಯನ್ನೇ. ಏಳನೇ ತರಗತಿಯ ಮಗಳು ಬಿಂದುಶ್ರೀ, ಮೀನಿನ ತೊಟ್ಟಿಯ ಗಿಡಗಳಿಗೆಂದು ಮನೆಯಲ್ಲೇ ಕಾರ್ಬನ್ ಡೈಆಕ್ಸೈಡ್ ತಯಾರಿಸುತ್ತಿದ್ದಳು. ಪ್ಲಾಸ್ಟಿಕ್ ಬಾಟಲಿಯಲ್ಲಿ ಸಕ್ಕರೆ ನೀರು, ಅದಕ್ಕೆ ದ್ವಾರಕಾ ನಗರದ ಅಂಗಡಿಯಿಂದ ತಂದ ಒಂದು ಚಿಟಿಕೆ ಯೀಸ್ಟ್. ಬಾಟಲಿಯ ಬಾಯಿಗೆ ರಬ್ಬರ್ ಬಿರಡೆ, ಬಿರಡೆಯ ನಡುವಿನಿಂದ ತೊಟ್ಟಿಗೆ ಒಂದು ಸಣ್ಣ ಪೈಪು. ಒಳಗೆ ಹುಳಿ ಬಂದಂತೆಲ್ಲ ನೀರಿನಲ್ಲಿ ಗುಳುಗುಳು ಗುಳ್ಳೆ ಏಳುತ್ತಿತ್ತು. ಹದಿನೈದು ದಿನಕ್ಕೇ ಗಿಡಗಳು ನಳನಳಿಸಿದ್ದವು.

“ನಿನ್ನೆ ನಾನೂ ಒಂದು ಕೈ ಹಾಕ್ದೆ ಕಣ್ರೀ. ಹುಳಿ ಬರೋದನ್ನ ಯಾರಾದ್ರೂ ಪ್ಲಾಸ್ಟಿಕ್‌ನಲ್ಲಿ ಇಡ್ತಾರಾ? ಶರಬತ್ತಿನ ಗಾಜಿನ ಬಾಟ್ಲಿಗೆ ಸುರಿದೆ. ಬಿರಡೆ ಸುತ್ತ ಎಂ-ಸೀಲ್ ಮೆತ್ತಿದೆ. ಈಗ ಚೂರೂ ಸೋರಲ್ಲ.”

ಕಾರ್ಖಾನೆಯ ಪಂಪು ರಿಪೇರಿ ಮಾಡಿಸಲು ವಿಜಯವಾಡಕ್ಕೆ ಹೋಗಿದ್ದ ನಿರಂಜನ ನಕ್ಕ. ಅವನ ಹಿಂದೆ ಆಟೋನಗರ್‌ನ ವರ್ಕ್‌ಶಾಪುಗಳ ಸುತ್ತಿಗೆ ಸದ್ದು. “ಉಪ್ಪಿನಕಾಯಿ ಹಾಕಿದಂಗೆ ಹಾಕಿದೀಯಲ್ಲೇ! ಪೈಪಲ್ಲಿ ಗಾಳಿ ಹೋಗ್ತಿದೆ ತಾನೆ?”

“ಬೆಳಿಗ್ಗೆ ನೋಡಿದ್ರೆ ಮೀನೆಲ್ಲ ಮೇಲೆ ಬಂದು ಬಾಯಿ ಬಾಯಿ ಬಿಡ್ತಿದ್ವು. ಈ ಗಾಳಿ ಜಾಸ್ತಿಯಾಗಿ ಉಸಿರು ಕಟ್ತಿದೆಯೇನೋ, ಪಾಪ ಅನ್ನಿಸ್ತು. ಪೈಪು ಮಡಚಿ ಬಟ್ಟೆ ಕ್ಲಿಪ್ ಹಾಕ್ದೆ.”

ನಗು ನಿಂತಿತು.

“ಎಷ್ಟು ಗಂಟೆಗೆ?”

“ಆರಕ್ಕೆ.”

ಗಡಿಯಾರದಲ್ಲಿ ಒಂದೂವರೆ. ಏಪ್ರಿಲ್ ತಿಂಗಳ ವಿಶಾಖಪಟ್ಟಣ. ಕರೆಂಟು ಹೋಗಿ ಒಂದು ಗಂಟೆಯಾಗಿತ್ತು.

“ರೇಣು, ಈ ಸೆಕೆಗೆ ಒಳಗೆ ಗಾಳಿ ಜೋರಾಗಿ ಹುಟ್ತಾನೇ ಇರುತ್ತೆ, ಹೋಗೋಕೆ ದಾರಿ ಇಲ್ಲ. ಪ್ಲಾಸ್ಟಿಕ್ ಆಗಿದ್ರೆ ಉಬ್ಬೋದು. ಗಾಜು ಸಿಡಿಯುತ್ತೆ. ಮಗು ಎಲ್ಲಿ?”

ಮಗು ಎಲ್ಲಿ? ಅರ್ಧ ದಿನದ ಶಾಲೆ ಮುಗಿಸಿ ಬಂದು, ಮೊಸರನ್ನ ತಿಂದು, ತೊಟ್ಟಿಯ ಪಕ್ಕದಲ್ಲೇ ನೆಲ ತಣ್ಣಗಿದೆ ಎಂದು ಚಾಪೆ ಹಾಕಿ ಮಲಗಿತ್ತು. ರೇಣುಕಾ ರಿಸೀವರನ್ನು ಹಾಗೇ ಬಿಟ್ಟು ರೂಮಿನ ಬಾಗಿಲಿಗೆ ಬಂದಳು.

ಸ್ಟೂಲಿನ ಮೇಲೆ ಬಾಟಲಿ. ಅದರ ಕೆಳಗೆ, ಒಂದು ಮೊಳವೂ ದೂರವಿಲ್ಲದೆ, ಮಗಳ ಮುಖ. ಗಾಜು ಉಬ್ಬುವುದಿಲ್ಲ, ಬಣ್ಣ ಬದಲಿಸುವುದಿಲ್ಲ. ಅದು ನಿನ್ನೆಯಂತೆಯೇ ಸುಮ್ಮನೆ ನಿಂತಿತ್ತು. ಯಾವ ಗಳಿಗೆಯಲ್ಲಿ ಸಿಡಿಯುತ್ತದೋ ಹೇಳುವಂತಿರಲಿಲ್ಲ. ಕೂಗಲೇ? ‘ಬಿಂದೂ’ ಎಂದರೆ ಸಾಕು, ಅವಳು ಎದ್ದು ಕೂರುತ್ತಾಳೆ. ಕಣ್ಣುಜ್ಜಿಕೊಂಡು ಮೊದಲು ಬಗ್ಗಿ ನೋಡುವುದೇ ಬಾಟಲಿಯನ್ನು.

ರೇಣುಕಾ ಮಂಡಿಯೂರಿ, ತೆವಳುತ್ತ ಹೋಗಿ ಚಾಪೆಯ ತುದಿ ಹಿಡಿದಳು. ಎಳೆದಳು. ಚಾಪೆ ಒಂದು ಗೇಣು ಜರುಗಿತು. ಉಸಿರು ಬಿಗಿಹಿಡಿದು ಮತ್ತೆ ಎಳೆದಳು. ಮಗಳ ತಲೆ ದಿಂಬಿನಿಂದ ಜಾರಿ ಚಾಪೆಗೆ ಬಡಿಯಿತು.

“ಏಮೈಂದಿ?” ಎಂದು ನಿದ್ದೆಗಣ್ಣಲ್ಲಿ ತೆಲುಗಿನಲ್ಲಿ ಗೊಣಗಿದಳು ಬಿಂದು.

“ಏನಿಲ್ಲ ಕಂದಾ, ಏಳ್ಬೇಡ. ಹಂಗೇ ಮಲ್ಕೊ, ನನ್ನ ಬಂಗಾರ.”

“ಯಾಕಮ್ಮಾ ಎಳೀತಿದೀಯಾ? ನಾನೇನು ಅಕ್ಕಿ ಮೂಟೆನಾ?”

ಹೊಸ್ತಿಲು ದಾಟಿದ್ದೇ ತಡ, ರೇಣುಕಾ ಬಾಗಿಲನ್ನು ದಡಾರನೆ ಎಳೆದು ಚಿಲಕ ಹಾಕಿದಳು. ಬಿಂದು ಪೂರ್ತಿ ಎಚ್ಚರಾಗಿ ಬಾಗಿಲಿಗೆ ಓಡಿದಳು.

“ಅಮ್ಮಾ, ನನ್ನ ಮೀನು!”

“ಬೇಡ!” ಅವಳನ್ನು ಸೊಂಟ ಬಳಸಿ ಹಿಡಿದು ಅಡುಗೆಮನೆಗೆ ಎಳೆದೊಯ್ದಳು. ಮಗಳು ಒದೆಯುತ್ತಿದ್ದಳು, ಅಳುತ್ತಿದ್ದಳು. ಎಷ್ಟು ಹೊತ್ತು ಹಾಗೆ ಹಿಡಿದಿದ್ದಳೋ. ನಾನೇ ಸುಮ್ಮನೆ ಹೆದರಿದೆನೇನೋ, ಹೋಗಿ ಆ ಕ್ಲಿಪ್ ಬಿಚ್ಚಿಬಿಡಲೇ ಎಂದುಕೊಳ್ಳುವಷ್ಟರಲ್ಲಿ ಒಳಗೆ ಢಂ ಎಂದಿತು. ಬಾಗಿಲಿಗೆ ಏನೋ ಪಟಪಟ ಬಡಿಯಿತು. ಕೆಳಗಿನ ಸಂದಿಯಿಂದ ತೊಟ್ಟಿಯ ನೀರು ಹರಿದು ಬಂತು.

ಬಿಂದು ಒದೆಯುವುದನ್ನು ನಿಲ್ಲಿಸಿದಳು.

“ಸಕ್ಕರೆ ಜಾಸ್ತಿ ಹಾಕಿಬಿಟ್ನಾ ಅಮ್ಮಾ? ನಾನೇ ಮಾಡಿದ್ದಾ?”

“ಅಲ್ಲ ಪುಟ್ಟಾ.” ರೇಣುಕಾ ಅವಳನ್ನು ತನ್ನ ಕಡೆಗೆ ತಿರುಗಿಸಿಕೊಂಡಳು. “ನಿನ್ನ ಲೆಕ್ಕ ಸರಿಯಾಗೇ ಇತ್ತು. ಗಾಜಿನ ಬಾಟ್ಲಿ ನಂದು. ಸೀಲ್ ಮಾಡಿದ್ದು ನಾನು. ಬೆಳಿಗ್ಗೆ ಪೈಪು ಮುಚ್ಚಿದ್ದೂ ನಾನೇ.”

ಮಗಳು ಅವಳನ್ನೇ ನೋಡಿದಳು.

“ನನ್ನ ಕೇಳಬೇಕಿತ್ತಲ್ವಾ ಅಮ್ಮಾ,” ಎಂದಳು ಬಿಂದು ಮೆಲ್ಲಗೆ.