ಜಾಂಟಿಯಾರ ಮೂಗು

ಊರಾಚೆ ಒಂದು ಹಳೆಯ ಬನ್ನಿ ಮರ. ಬನ್ನಿಗೆ ಉತ್ತರದ ಆ ಕಡೆ ಜಾಂಟಿ ಎನ್ನುತ್ತಾರೆ. ಅದರಿಂದಲೇ ಅಲ್ಲಿನ ಜಾಟರ ಕುಲಕ್ಕೆ ಜಾಂಟಿಯಾ ಎಂಬ ಹೆಸರು. ಹೇಗೆ ಬಂತು ಎಂದು ಚೌಧರಿ ಜಗ್‌ರೂಪನನ್ನು ಕೇಳಿದಿರೋ, ಮುಗಿಯಿತು, ಹುಕ್ಕಾದ ಕೆಂಡ ಆರುವ ತನಕ ಬಿಡುವವನಲ್ಲ. ಮೂಲಪುರುಷ ಬಿಳಿ ಕುದುರೆ ಏರಿ ಮರಳುಗಾಡು ದಾಟಿ ಬಂದನಂತೆ, ಜಾಂಟಿಯ ಬುಡದಲ್ಲಿ ಭರ್ಜಿ ನೆಟ್ಟು ಈ ನೆಲ ನನ್ನದು ಅಂದನಂತೆ. ಗಿಣಿಮೂಗಿನ ಗಂಡಸಂತೆ. ಕತೆಯ ಕೊನೆಗೆ ಜಗ್‌ರೂಪ ತನ್ನ ಮೂಗು ಮುಟ್ಟಿಕೊಂಡು, ತೊಡೆಯ ಮೇಲಿನ ಮೊಮ್ಮಗ ಟೇಕೂನ ಮೂಗನ್ನೂ ಮುಟ್ಟಿ, "ನೋಡ್ರಪ್ಪ, ಅದೇ ಅಚ್ಚು" ಅನ್ನುವನು. ನದಿಮೂಲ ಋಷಿಮೂಲ ಕೆದಕಬಾರದು ಎಂದು ಅವನಿಗೆ ಯಾರೂ ಹೇಳಿರಲಿಲ್ಲ, ಪಾಪ.

ಮಗ ದಲೇಲ ಟ್ರ್ಯಾಕ್ಟರ್ ಮಗುಚಿ ಸತ್ತ ಮೇಲೆ ಈ ಕತೆಯ ಹುಚ್ಚು ಇನ್ನೂ ಹೆಚ್ಚಿತು. ಸೊಸೆ ಸಂತ್ರೋಗೆ ಇನ್ನೂ ಎಳೆ ವಯಸ್ಸು. ಮೈದುನನಿದ್ದಿದ್ದರೆ ಪದ್ಧತಿಯಂತೆ ಅವನೇ ಅವಳ ತಲೆಗೆ ಚಾದರ ಹೊದಿಸಿ ಮದುವೆಯಾಗುತ್ತಿದ್ದ, ಮೈದುನನೇ ಇಲ್ಲ. ಅವಳ ಅಣ್ಣ ಸೂಬೇ ಬೇರೊಂದು ಊರಲ್ಲಿ ಗಂಡು ನೋಡಿದ. ಹೆಂಡತಿ ಸತ್ತವನು, ಒಳ್ಳೆಯವನು, ಮಗುವೂ ಬರಲಿ ಅಂದಿದ್ದ.

"ಸೊಸೆ ಹೋಗ್ಲಿ, ನಾನು ಅಡ್ಡ ಬರಲ್ಲ. ಹುಡುಗ ಮಾತ್ರ ಇಲ್ಲೇ ಇರ್ತಾನೆ" ಎಂದ ಜಗ್‌ರೂಪ. "ಜಾಂಟಿಯಾರ ಕುಡಿ ಇನ್ನೊಬ್ಬರ ಅಂಗಳದಲ್ಲಿ ಬೆಳೆಯೋದಾ?"

ಹಾಗಾದರೆ ನಾನೂ ಹೋಗಲ್ಲ ಎಂದಳು ಸಂತ್ರೋ, ಒಲೆಯ ಮುಂದೆ, ಅತ್ತೆಗಷ್ಟೇ ಕೇಳುವಂತೆ. ಮಾವನ ಎದುರು ಅವಳಿಗೆ ಮಾತೂ ಇಲ್ಲ, ಮುಖವೂ ಇಲ್ಲ; ಮದುವೆಯಾಗಿ ಬಂದಾಗಿನಿಂದ ಗದ್ದದವರೆಗೆ ಮುಸುಕು.

ಸೂಬೇ ತಂಗಿಯನ್ನು ಕರೆದೊಯ್ಯಲು ಬರುವ ದಿನ ಬೆಳಗ್ಗೆ ಜಗ್‌ರೂಪನ ಹೆಂಡತಿ ಭರ್ಪಾಯಿ ಮೊಸರು ಕಡೆಯುತ್ತಿದ್ದಳು. ಕಡೆಗೋಲಿನ ಸದ್ದು ಎಂದಿನಂತಿರಲಿಲ್ಲ.

"ಏನೇ, ಬೆಣ್ಣೆ ಬರಬೇಕೋ, ಮಡಕೆ ಒಡೀಬೇಕೋ?" ಎಂದ ಜಗ್‌ರೂಪ.

"ದಲೇಲನ ಅಪ್ಪ, ಒಂದು ಕೇಳ್ಲಾ? ನಾನು ಮದುವೆಯಾಗಿ ಬಂದ ದಿನ ಜಾಂಟಿ ಮರದ ಹತ್ರ ಹೆಂಗಸರು ನನ್ನ ಕೈಲಿ ಏನು ಮಾಡಿಸಿದ್ರು, ಗೊತ್ತಾ?"

"ಅದು ನಿಮ್ಮ ಹೆಂಗಸರ ಪೂಜೆ. ಗಂಡಸರಿಗೆ ಅಲ್ಲೇನು ಕೆಲಸ?"

"ಪಕ್ಕದ ಮನೆ ಕೂಸನ್ನ ನನ್ನ ಸೊಂಟದ ಮೇಲೆ ಕೂರಿಸಿದ್ರು. ಈ ಊರಿಗೆ ಬರೋ ಎಲ್ಲ ಸೊಸೆಯರಿಗೂ ಕೂರಿಸ್ತಾರೆ."

"ಬೇಗ ಮಕ್ಕಳಾಗ್ಲಿ ಅಂತ. ಇದು ಯಾರಿಗೆ ಗೊತ್ತಿಲ್ಲ."

"ಹಾಗಂತ ನೀವು ಅಂದ್ಕೊಂಡಿದ್ದೀರಿ. ಆಮೇಲೆ ಮರಕ್ಕೆ ಹಣೆ ಹಚ್ಚಿ ಹೇಳಿಸ್ತಾರೆ: 'ನಾನೂ ಬಂದೆ, ನನ್ನ ಕೂಸೂ ಬಂತು, ಇಬ್ಬರಿಗೂ ನೆರಳು ಕೊಡು.' ಹೊಸ ಮದುವಣಗಿತ್ತಿ ಯಾಕೆ ಹಾಗನ್ನಬೇಕು? ಅವಳಿಗೆಲ್ಲಿಂದ ಬಂತು ಕೂಸು?"

ಜಗ್‌ರೂಪ ಹುಕ್ಕಾದ ಕೆಂಡ ಕೆದಕಿದ.

"ಮೊದಲನೇ ಸೊಸೆ ಹಾಗೇ ಬಂದಳು. ಗಂಡ ಸತ್ತೋಳು. ಇಲ್ಲಿ ಉಳುಮೆ ಮಾಡ್ಕೊಂಡಿದ್ದೋನೊಬ್ಬ ಚಾದರ ಹೊದಿಸಿ ಕರ್ಕೊಂಡು ಬಂದ. ಅವಳ ಸೊಂಟದ ಮೇಲಿದ್ದ ಕೂಸೇ ನಿಮ್ಮ ಮೂಲಪುರುಷ. ಹೊಲವನ್ನ ಅದಕ್ಕೇ ಕೊಟ್ಟ. ಹೆತ್ತಪ್ಪನ ಕುಲ ಯಾವುದೋ, ಯಾರೂ ಕೇಳಲಿಲ್ಲ. ನೆರಳು ಕೊಟ್ಟ ಮರದ ಹೆಸರೇ ನಿಂತಿತು. ನನಗೆ ನಮ್ಮತ್ತೆ ಹೇಳಿದ್ಲು, ಅವಳಿಗೆ ಅವಳತ್ತೆ."

"ಮತ್ತೆ ಕುದುರೆ?"

"ಕುದುರೆ ನೀವು ಗಂಡಸರು ತಂದು ಕಟ್ಟಿದ್ದು."

"ಇಷ್ಟು ವರ್ಷ ಬಾಯಿ ಬಿಡಲಿಲ್ಲವಲ್ಲೇ ನೀನು."

"ಕುದುರೆ ಮೇಲೆ ಅಷ್ಟು ಖುಷಿಯಾಗಿ ಕೂತಿರ್ತಿದ್ರಿ. ಕೆಳಗಿಳಿಸಿ ನನಗೇನು ಸಿಗ್ತಿತ್ತು?"

ಅವನು ಸಿಟ್ಟಿನಿಂದ ಎದ್ದ. ಅಂಗಳದಲ್ಲಿ ಎಮ್ಮೆಕರುವಿನ ಬಾಲ ಹಿಡಿಯಲು ಹೊರಟಿದ್ದ ಟೇಕೂನನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡು ಮರದ ಹತ್ತಿರ ಹೋದ. ಹೆಂಗಸರ ಕಟ್ಟುಕತೆ ಎಂದು ತನಗೆ ತಾನೇ ಹೇಳಿಕೊಂಡ. ಮನಸ್ಸು ಕೇಳಲಿಲ್ಲ. ಮರದ ಬುಡದಲ್ಲಿ ಕೂತಾಗ ಅವನಿಗೆ ನೆನಪಾದದ್ದು ಮೂಲಪುರುಷನಲ್ಲ, ಕುದುರೆಯಲ್ಲ. ಹೆಸರೇ ಗೊತ್ತಿಲ್ಲದ ಯಾವನೋ ಮುದುಕ. ಆ ಕೂಸಿಗೂ ಎಲ್ಲೋ ಒಬ್ಬ ಅಜ್ಜ ಇದ್ದಿರಬೇಕಲ್ಲ. ಅವನೂ ಮಗನನ್ನು ಕಳೆದುಕೊಂಡವನೇ. ಹುಡುಗ ಇಲ್ಲೇ ಇರಲಿ ಎಂದು ಅವನು ಹಟ ಹಿಡಿದಿದ್ದರೆ ಜಾಂಟಿಯಾ ಕುಲವೇ ಇಲ್ಲ, ಜಗ್‌ರೂಪನೂ ಇಲ್ಲ. ಅವನ ಹೆಸರನ್ನು ಯಾರೂ ಯಾವ ಹುಕ್ಕಾದ ಮುಂದೂ ಹೇಳಿದ್ದಿಲ್ಲ. ಎಷ್ಟು ಸುಟ್ಟಿರಬೇಡ ಆ ಮುದುಕನ ಎದೆ, ಅನ್ನಿಸಿ ಜಗ್‌ರೂಪನ ಕಣ್ಣು ತುಂಬಿತು. ಟೇಕೂ ಅವನ ಪೇಟ ಎಳೆದು ಬಿಚ್ಚುತ್ತಿದ್ದ, ಬಿಚ್ಚಲಿ ಎಂದು ಸುಮ್ಮನೆ ಕೂತ.

ಅವರು ಮರಳುವ ಹೊತ್ತಿಗೆ ಬಾಗಿಲಲ್ಲಿ ಜೀಪು ನಿಂತಿತ್ತು. ಸೂಬೇ ಜಗಳಕ್ಕೆ ಸಿದ್ಧನಾಗಿಯೇ ಬಂದಿದ್ದ. ಸಂತ್ರೋ ಗೋಡೆಯ ಬದಿ ಮುಸುಕು ಹಾಕಿ ನಿಂತಿದ್ದಳು, ಬರಿಗೈಯಲ್ಲಿ.

"ಹುಡುಗನೂ ಹೋಗ್ತಾನೆ" ಎಂದ ಜಗ್‌ರೂಪ.

ಸೂಬೇ ಮಡಚಿಕೊಂಡಿದ್ದ ಅಂಗಿಯ ತೋಳನ್ನು ಇಳಿಸಿಕೊಂಡ. ಆಮೇಲೆ ಕೇಳಿದ, "ಚೌಧರಿಗಳೇ, ಇವನ ಕುಲ ಯಾವುದು ಅಂತ ಹೇಳೋದು?"

"ನೆರಳು ಕೊಟ್ಟೋರ ಹೆಸರು ಇಟ್ಕೊಳ್ಲಿ. ನಮ್ಮಲ್ಲಿ ಮೊದಲಿನಿಂದ ಅದೇ ವಾಡಿಕೆ."

ಅವನು ಸೊಸೆಯ ಹತ್ತಿರ ಹೋಗಿ ಕೂಸನ್ನು ಅವಳ ಸೊಂಟಕ್ಕೆ ದಾಟಿಸಿದ.

"ಮುಸುಕು ತೆಗಿಯಮ್ಮ. ಮಾವನ ಮನೆ ಬಿಟ್ಟು ಹೋಗೋಳಲ್ಲ ನೀನು ಇವತ್ತು. ತವರಿಂದ ಹೊರಟಿದ್ದೀಯ. ತವರಲ್ಲಿ ಯಾವ ಮಗಳು ಮುಸುಕು ಹಾಕ್ತಾಳೆ?"

ಸಂತ್ರೋ ಅತ್ತೆಯ ಕಡೆ ತಿರುಗಿದಳು. ಭರ್ಪಾಯಿ ತಲೆಯಾಡಿಸಿದಳು. ಮುಸುಕು ಮೇಲೆ ಸರಿಯಿತು. ಅತ್ತು ಅತ್ತು ಬಾತ ಮುಖ, ಅದರ ನಟ್ಟನಡುವೆ ಗಿಣಿಯ ಕೊಕ್ಕಿನಂಥ ಮೂಗು. ಪಕ್ಕದಲ್ಲೇ ಟೇಕೂನ ಮುಖ, ಅದೇ ಮೂಗು, ಅದೇ ಅಚ್ಚು.

ಜಗ್‌ರೂಪ ತನ್ನ ಮೂಗನ್ನು ಮೆಲ್ಲಗೆ ಮುಟ್ಟಿ ನೋಡಿಕೊಂಡ. ಆಮೇಲೆ ಹೆಂಡತಿಯ ಕಡೆ ತಿರುಗಿದ. ಕಣ್ಣಲ್ಲಿ ನೀರು ಇಳಿಯುತ್ತಲೇ ಇತ್ತು.

"ಇದನ್ನೂ ನೀನು ನನಗೆ ಹೇಳಲಿಲ್ಲವಲ್ಲೇ" ಎಂದ.